ಮೂವರ ಆಯೋಗ, ಒಂದೇ ದೊಡ್ಡ ಕಂಪನಿ

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತದ ಗಡಿಗೆ ಅಂಟಿಕೊಂಡಿರುವ ವರ್ಮಾಂಟ್ ರಾಜ್ಯದ ಜನಸಂಖ್ಯೆ 2020ರ ಗಣತಿಯ ಪ್ರಕಾರ ಸುಮಾರು 6.43 ಲಕ್ಷ, ಅಂದರೆ ಕೊಡಗು ಜಿಲ್ಲೆಗಿಂತ ತುಸು ಹೆಚ್ಚು ಮಾತ್ರ. ಬೆಟ್ಟ, ಕಾಡು ಮತ್ತು ಹೈನುಗಾರಿಕೆಯ ಹಳ್ಳಿಗಳಿಂದಲೇ ತುಂಬಿರುವ ಈ ರಾಜ್ಯದಲ್ಲಿ ವಿದ್ಯುತ್ ವಿತರಿಸುವ ಸಂಸ್ಥೆಗಳು 17. ಅವುಗಳಲ್ಲಿ 14 ಊರಾಡಳಿತಗಳಿಗೆ ಸೇರಿದವು, ಎರಡು ಸಹಕಾರ ಸಂಘಗಳು, ಉಳಿದ ಒಂದು ಗ್ರೀನ್ ಮೌಂಟನ್ ಪವರ್ ಎಂಬ ಖಾಸಗಿ ಕಂಪನಿ. 1990ರ ದಶಕದ ಕೊನೆಗೆ ನೆರೆಯ ರಾಜ್ಯಗಳೆಲ್ಲ ಉತ್ಪಾದನೆಯನ್ನೂ ವಿತರಣೆಯನ್ನೂ ಬೇರ್ಪಡಿಸಿ, ಗ್ರಾಹಕರು ತಮಗೆ ಬೇಕಾದ ಮಾರಾಟಗಾರರನ್ನು ಆರಿಸಿಕೊಳ್ಳುವ ಮುಕ್ತ ಮಾರುಕಟ್ಟೆಗೆ ಹೊರಳಿದಾಗ, ನ್ಯೂ ಇಂಗ್ಲೆಂಡ್ ಪ್ರದೇಶದ ಆರು ರಾಜ್ಯಗಳಲ್ಲಿ ವರ್ಮಾಂಟ್ ಒಂದೇ ಹಳೆಯ ಒಪ್ಪಂದವನ್ನು ಬಿಡಲಿಲ್ಲ: ತನ್ನ ಸೀಮೆಯಲ್ಲಿ ಸಂಸ್ಥೆಗೆ ಏಕಸ್ವಾಮ್ಯವಿರಲಿ, ಆದರೆ ದರ, ಹೂಡಿಕೆ ಮತ್ತು ಲಾಭದ ಮಿತಿಯನ್ನು ಸರ್ಕಾರ ನೇಮಿಸಿದ ಆಯೋಗ ನಿರ್ಧರಿಸಲಿ.

ಆ ಆಯೋಗದಲ್ಲಿರುವವರು ಮೂವರೇ. 2017ರವರೆಗೆ ಸಾರ್ವಜನಿಕ ಸೇವಾ ಮಂಡಳಿ ಎನಿಸಿಕೊಂಡು ಈಗ ಸಾರ್ವಜನಿಕ ಉಪಯುಕ್ತತಾ ಆಯೋಗವೆಂಬ ಹೆಸರು ಪಡೆದಿರುವ ಈ ಸಂಸ್ಥೆಗೆ, ನ್ಯಾಯಾಧೀಶರ ಆಯ್ಕೆಗಿರುವ ಸಮಿತಿ ಕಳಿಸಿದ ಪಟ್ಟಿಯಿಂದಲೇ ಗವರ್ನರ್ ಆರು ವರ್ಷಗಳ ಅವಧಿಗೆ ಸದಸ್ಯರನ್ನು ನೇಮಿಸುತ್ತಾರೆ. ಸಾಕ್ಷ್ಯ, ಪಾಟೀಸವಾಲು, ಲಿಖಿತ ಆದೇಶ ಎಲ್ಲವೂ ನ್ಯಾಯಾಲಯದ ಕ್ರಮದಲ್ಲೇ ನಡೆಯುತ್ತವೆ, ಮೇಲ್ಮನವಿ ನೇರವಾಗಿ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಗ್ರಾಹಕರ ಪರವಾಗಿ ವಾದಿಸುವ ಹೊಣೆ ಆಯೋಗದ್ದಲ್ಲ. ಅದಕ್ಕೆಂದೇ ಸಾರ್ವಜನಿಕ ಸೇವಾ ಇಲಾಖೆ ಎಂಬ ಪ್ರತ್ಯೇಕ ಅಂಗವಿದ್ದು, ತನ್ನದೇ ಎಂಜಿನಿಯರ್, ಲೆಕ್ಕಿಗ ಮತ್ತು ವಕೀಲರನ್ನಿಟ್ಟುಕೊಂಡು ಅದು ಕಂಪನಿಯ ಎದುರು ಕಕ್ಷಿದಾರನಾಗಿ ನಿಲ್ಲುತ್ತದೆ. ಭಾರತದ 2003ರ ವಿದ್ಯುಚ್ಛಕ್ತಿ ಕಾಯ್ದೆಯ 94ನೇ ಕಲಮು ಗ್ರಾಹಕರ ಪರ ವಾದಿಸಲು ಯಾರನ್ನಾದರೂ ನೇಮಿಸುವ ಅಧಿಕಾರವನ್ನು ಆಯೋಗದ ವಿವೇಚನೆಗೆ ಬಿಟ್ಟಿದೆ. ವರ್ಮಾಂಟ್ ಅದನ್ನು ಸರ್ಕಾರದ ಖಾಯಂ ಕರ್ತವ್ಯವಾಗಿಸಿದೆ.

ಈ ಏರ್ಪಾಟಿನ ಅತ್ಯಂತ ಜಾಣ ಫಲವೆಂದರೆ 2000ದಲ್ಲಿ ಕೆಲಸ ಆರಂಭಿಸಿದ ಎಫಿಶಿಯೆನ್ಸಿ ವರ್ಮಾಂಟ್. ಹೆಚ್ಚು ಯೂನಿಟ್ ಮಾರಿದಷ್ಟೂ ಹೆಚ್ಚು ಗಳಿಸುವ ಕಂಪನಿಗೇ ವಿದ್ಯುತ್ ಉಳಿಸುವ ಕೆಲಸ ವಹಿಸಿದರೆ ಅದು ಮನಸ್ಸಿಟ್ಟು ಮಾಡುವುದಿಲ್ಲ ಎಂಬ ಸರಳ ತಿಳಿವಳಿಕೆಯಿಂದ, ಉಳಿತಾಯದ ಹೊಣೆಯನ್ನು ಲಾಭೋದ್ದೇಶವಿಲ್ಲದ ಪ್ರತ್ಯೇಕ ಸಂಸ್ಥೆಗೆ ಒಪ್ಪಿಸಿ, ಅದರ ಖರ್ಚಿಗೆ ಪ್ರತಿ ಬಿಲ್ಲಿನಲ್ಲೂ ಸಣ್ಣದೊಂದು ಶುಲ್ಕವನ್ನು ಸೇರಿಸಲಾಯಿತು. ಸಂಸ್ಥೆ ಎಷ್ಟು ಯೂನಿಟ್ ಉಳಿಸಬೇಕೆಂಬ ಗುರಿಯನ್ನು ಆಯೋಗ ಗೊತ್ತುಪಡಿಸುತ್ತದೆ, ಅದು ಹೇಳಿಕೊಂಡ ಉಳಿತಾಯ ನಿಜವೇ ಎಂಬುದನ್ನು ಇಲಾಖೆ ಲೆಕ್ಕ ಹಾಕಿ ಪರಿಶೀಲಿಸುತ್ತದೆ. ಊರಾಡಳಿತದ್ದೇ ವಿದ್ಯುತ್ ಸಂಸ್ಥೆಯಿರುವ ಬರ್ಲಿಂಗ್ಟನ್ ನಗರ ಮಾತ್ರ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಆದರೆ ನಿಯಂತ್ರಣ ವ್ಯವಸ್ಥೆಯ ಗಟ್ಟಿತನ ತಿಳಿಯುವುದು ಹಣ ಮರಳಿ ಕೊಡುವ ಹೊತ್ತು ಬಂದಾಗ. ಕ್ವಿಬೆಕ್‌ನ ಜಲವಿದ್ಯುತ್ತನ್ನು ದುಬಾರಿ ಬೆಲೆಗೆ ಕೊಳ್ಳುವ ದೀರ್ಘಾವಧಿ ಕರಾರಿಗೆ ಸಿಲುಕಿ ಸೆಂಟ್ರಲ್ ವರ್ಮಾಂಟ್ ಪಬ್ಲಿಕ್ ಸರ್ವಿಸ್ ಎಂಬ ಕಂಪನಿ ದಿವಾಳಿಯ ಅಂಚಿಗೆ ಬಂದಾಗ, 2001ರಲ್ಲಿ ಮಂಡಳಿ ದರ ಏರಿಸಲು ಒಪ್ಪಿ ಅದನ್ನು ಉಳಿಸಿತು, ಜೊತೆಗೆ ಮುಂದೆ ಕಂಪನಿ ಮಾರಾಟವಾಗಿ ಷೇರುದಾರರಿಗೆ ಲಾಭ ಬಂದರೆ ಅದರಲ್ಲಿ ಗ್ರಾಹಕರಿಗೂ ಪಾಲು ಸಲ್ಲಬೇಕೆಂಬ ಷರತ್ತನ್ನೂ ಹಾಕಿತು. ದೂರದೃಷ್ಟಿಯ ಷರತ್ತು, ಸಂದೇಹವಿಲ್ಲ. 2012ರಲ್ಲಿ, ಗ್ರೀನ್ ಮೌಂಟನ್ ಪವರ್‌ನ ಒಡೆತನ ಆಗಲೇ ಹೊಂದಿದ್ದ ಕ್ವಿಬೆಕ್‌ನ ಗಾಜ್ ಮೆಟ್ರೊ ಕಂಪನಿ ಇದನ್ನೂ ಕೊಂಡು ಎರಡನ್ನೂ ಒಂದುಗೂಡಿಸಿದಾಗ, ಗ್ರಾಹಕರ ಪಾಲು ಸುಮಾರು 2.1 ಕೋಟಿ ಡಾಲರ್ ಎಂದಾಯಿತು. ಅದನ್ನು ಚೆಕ್ ರೂಪದಲ್ಲಿ ಮನೆಮನೆಗೆ ಹಂಚಬೇಕೆಂದು ಹಿರಿಯ ನಾಗರಿಕರ ಸಂಘಟನೆ ಒತ್ತಾಯಿಸಿತು, ಶಾಸನಸಭೆಯಲ್ಲೂ ಅದೇ ಕೂಗೆದ್ದಿತು. ಗ್ರಾಹಕರ ವಕೀಲನಾಗಬೇಕಿದ್ದ ಇಲಾಖೆ ಮಾತ್ರ ಕಂಪನಿಯೊಡನೆ ರಾಜಿ ಮಾಡಿಕೊಂಡು, ಆ ಮೊತ್ತವನ್ನು ಇಂಧನ ಉಳಿತಾಯದ ಕಾಮಗಾರಿಗಳಲ್ಲಿ ತೊಡಗಿಸಿದರೆ ಸಾಕೆಂದಿತು; ಮಂಡಳಿಯೂ ಅದನ್ನೇ ಒಪ್ಪಿತು. ಆ ಹೂಡಿಕೆಯ ವೆಚ್ಚ ಕೊನೆಗೆ ವಿದ್ಯುತ್ ದರದಲ್ಲೇ ಸೇರಿಕೊಂಡು ಗ್ರಾಹಕರ ಕಡೆಗೇ ತಿರುಗುತ್ತದೆ ಎಂಬುದು ಟೀಕಾಕಾರರ ಮುಖ್ಯ ಆಕ್ಷೇಪವಾಗಿತ್ತು. ವಿಲೀನದಿಂದ ಹತ್ತು ವರ್ಷಗಳಲ್ಲಿ ಗ್ರಾಹಕರಿಗೆ 14.4 ಕೋಟಿ ಡಾಲರ್ ಉಳಿತಾಯ ಖಚಿತವೆಂಬ ಕಂಪನಿಯ ಭರವಸೆ ಸಮರ್ಥಕರ ಕೈಯಲ್ಲಿದ್ದ ದೊಡ್ಡ ವಾದವಾಗಿದ್ದು, ಅದನ್ನು ಹಗುರವೆನ್ನಲಾಗದಿದ್ದರೂ, ಮುಂದೆ ಬರುವ ಉಳಿತಾಯದಿಂದ ಹಳೆಯ ಬಾಕಿ ತೀರಿತೆಂದು ಲೆಕ್ಕ ಬರೆಯುವುದು ನ್ಯಾಯವಲ್ಲ.

ಆ ವಿಲೀನದ ನಂತರ ರಾಜ್ಯದ ಮುಕ್ಕಾಲು ಪಾಲು ಗ್ರಾಹಕರು ಒಂದೇ ಕಂಪನಿಯ ಕೈಕೆಳಗೆ ಬಂದಿದ್ದಾರೆ. ಉಳಿದವರ ಸ್ಥಿತಿ ಬೇರೆ ಬಗೆಯದು. 1939ರಲ್ಲಿ ರೈತರು ಕಟ್ಟಿಕೊಂಡ ವಾಷಿಂಗ್ಟನ್ ಎಲೆಕ್ಟ್ರಿಕ್ ಕೋಆಪರೇಟಿವ್‌ನಲ್ಲಿ ಒಂದು ಮೈಲಿ ತಂತಿಗೆ 10 ಸದಸ್ಯರೂ ಸಿಗುವುದಿಲ್ಲ; ಅಲ್ಲಿ ಗ್ರಾಹಕನೇ ಒಡೆಯ, ಸಂಘದ ಆಡಳಿತ ಮಂಡಳಿಯನ್ನು ಆರಿಸುವವನೂ ಅವನೇ, ಆದರೂ ದರ ಏರಿಸಬೇಕಾದರೆ ಸಂಘ ಅದೇ ಆಯೋಗದ ಮುಂದೆ ಬರಬೇಕು. ಇಂಥ ಅಮೆರಿಕನ್ ಗ್ರಾಮೀಣ ಸಂಘಗಳ ಒಕ್ಕೂಟದ ನೆರವಿನಿಂದಲೇ 1960ರ ದಶಕದ ಕೊನೆಗೆ ಭಾರತದಲ್ಲಿ ಐದು ಪ್ರಾಯೋಗಿಕ ವಿದ್ಯುತ್ ಸಹಕಾರ ಸಂಘಗಳು ಹುಟ್ಟಿದವು, ಬೆಳಗಾವಿ ಜಿಲ್ಲೆಯ ಹುಕ್ಕೇರಿಯದು ಅವುಗಳಲ್ಲೊಂದು.

ಆಯೋಗದ ಕೈ ಎಟುಕದ ಜಾಗಗಳೂ ಇವೆ. ವರ್ಮಾಂಟ್ ಯಾಂಕಿ ಅಣುಸ್ಥಾವರವನ್ನು ಮುಚ್ಚಿಸಲು ಶಾಸನಸಭೆ ಪ್ರಯತ್ನಿಸಿದಾಗ, ಅಣು ಸುರಕ್ಷತೆ ಒಕ್ಕೂಟ ಸರ್ಕಾರದ ಅಧಿಕಾರಕ್ಕೆ ಸೇರಿದ್ದೆಂದು ಹೇಳಿ ಫೆಡರಲ್ ನ್ಯಾಯಾಲಯಗಳು ಅದನ್ನು ತಡೆದವು. ಸ್ಥಾವರ 2014ರ ಡಿಸೆಂಬರಿನಲ್ಲಿ ಮುಚ್ಚಿದ್ದು ಆರ್ಥಿಕ ಕಾರಣಕ್ಕೆ. ಕೈ ಎಟುಕುವ ಕಡೆಯೂ ತಕರಾರು ತಪ್ಪಲಿಲ್ಲ: ಗಾಳಿಯಂತ್ರ ಮತ್ತು ಸೌರ ಘಟಕಗಳಿಗೆ ಬೇಕಾದ ಸಾರ್ವಜನಿಕ ಹಿತದ ಪ್ರಮಾಣಪತ್ರವನ್ನು ಆಯೋಗವೇ ಕೊಡುವುದರಿಂದ, ತಮ್ಮ ಬೆಟ್ಟದ ನೆತ್ತಿಯ ಮೇಲೆ ಏನು ನಿಲ್ಲಬೇಕೆಂಬುದರಲ್ಲಿ ತಮಗೂ ಮಾತಿರಬೇಕೆಂದು ಹಳ್ಳಿಗಳು ಹೋರಾಡಿದವು, ಇಂಧನ ಯೋಜನೆ ರೂಪಿಸಿಕೊಂಡ ಊರುಗಳ ಅಭಿಪ್ರಾಯಕ್ಕೆ ಹೆಚ್ಚು ತೂಕ ಕೊಡಬೇಕೆಂಬ ಕಾನೂನು 2016ರಲ್ಲಿ ಬಂತು.

ಮೂವರು ಸದಸ್ಯರ ಎದುರು ದೊಡ್ಡ ಕಂಪನಿ ಒಂದೇ ಇರುವಾಗ ಗ್ರಾಹಕರ ಪರ ವಕೀಲ ಯಾರಿಗೆ ಉತ್ತರದಾಯಿ ಎಂಬುದು ಉಳಿದೆಲ್ಲ ನಿಯಮಗಳಿಗಿಂತ ಮುಖ್ಯವಾಗುತ್ತದೆ. ವರ್ಮಾಂಟಿನಲ್ಲಿ ತೀರ್ಪು ಕೊಡುವ ಆಯೋಗದ ಸದಸ್ಯರನ್ನು ನೇಮಿಸುವ ಗವರ್ನರೇ ವಾದಿಸುವ ಇಲಾಖೆಯ ಮುಖ್ಯಸ್ಥರನ್ನೂ ನೇಮಿಸುತ್ತಾರೆ. ವಿಲೀನ ಗವರ್ನರಿಗೆ ಒಪ್ಪಿಗೆಯಾದರೆ, ವಕೀಲ ಅದನ್ನು ತೀವ್ರವಾಗಿ ವಿರೋಧಿಸುವನೆಂದು ನಿರೀಕ್ಷಿಸುವುದು ಕಷ್ಟ. ಇಲಾಖೆಯ ಮುಖ್ಯಸ್ಥರಿಗೂ ಆಯೋಗದ ಸದಸ್ಯರಂತೆ ನಿಗದಿತ ಅವಧಿ ಮತ್ತು ಪಟ್ಟಿಯಿಂದಲೇ ನೇಮಕ ಎಂಬ ಕಟ್ಟುಪಾಡು ಬರುವವರೆಗೆ ಗ್ರಾಹಕರ ವಕೀಲ ಸರ್ಕಾರದ ವಕೀಲನೂ ಆಗಿಯೇ ಉಳಿಯುತ್ತಾನೆ.