ತಂಬಿಗೆ ನೋಡಿ ಕಾಲೇಜು ಕಟ್ಟಿದರು, ತಂಬಿಗೆ ಮಾಡುವವರನ್ನು ಹೊರಗೇ ನಿಲ್ಲಿಸಿದರು

ಡಿಸೈನ್ ಕಾಲೇಜು ಅಂದರೆ ಫ್ಯಾಷನ್ ಬಟ್ಟೆ, ದುಡ್ಡಿದ್ದವರ ಮಕ್ಕಳ ಓದು ಅಂತ ನಮ್ಮ ಕಡೆ ಒಂದು ಮಾತಿದೆ. ಹಾಗಂದುಕೊಂಡು ಸುಮ್ಮನಿದ್ದರೆ ನಷ್ಟ ನಮಗೇ. ನೀವು ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಔಷಧಿ ಪಂಪಿನ ಬೆಲ್ಟು ಎಷ್ಟು ಅಗಲ ಇರಬೇಕು? ಬಸ್ಸಿನ ಮೊದಲ ಮೆಟ್ಟಿಲು ಸೀರೆ ಉಟ್ಟ ಅಜ್ಜಿಯ ಕಾಲಿಗೆ ಎಟುಕಬೇಕೋ ಬೇಡವೋ? ದುಡಿದು ಸವೆದ ಬೆರಳನ್ನು ರೇಷನ್ ಅಂಗಡಿಯ ಮೆಷಿನ್ ಓದದಿದ್ದರೆ ಮುಂದೇನು? ಇದನ್ನೆಲ್ಲ ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನಕ್ಕೇ ಡಿಸೈನ್ ಅನ್ನುವುದು. ಪಂಪು ಹೊತ್ತು ಭುಜ ಕೆಂಪಾದವರಿಗೆ ಅದರ ಬಗ್ಗೆ ಮಾತಾಡುವ ಹಕ್ಕಿಲ್ಲವೇ?

ನಾಲ್ಕು ವರ್ಷದ ಬಿ.ಡಿಸೈನ್ ಪದವಿಯಲ್ಲಿ ಮೊದಲ ವರ್ಷಕ್ಕೆ ಫೌಂಡೇಶನ್ ಅನ್ನುತ್ತಾರೆ. ಮುಂದೆ ಪೀಠೋಪಕರಣ ಮಾಡುವವನಿರಲಿ, ಬಟ್ಟೆ ಮಾಡುವವಳಿರಲಿ, ಮೊಬೈಲ್ ಆಪ್ ಮಾಡುವವನಿರಲಿ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಚಿತ್ರ, ಬಣ್ಣ, ರೇಖಾಗಣಿತ, ಮರ, ಮಣ್ಣು, ಲೋಹದ ಗುಣ, ಜೊತೆಗೆ ಜನ ಹೇಗೆ ಬದುಕುತ್ತಾರೆ ಅನ್ನುವುದನ್ನು ಕಲಿಯಬೇಕು. ಫೀಸು ಕಟ್ಟಿದ ಅಪ್ಪ ಅಮ್ಮಂದಿರಲ್ಲಿ ಕೆಲವರಿಗೆ ಇದು ಕಾಲಹರಣ. ಮೊದಲ ದಿನದಿಂದಲೇ ಕಂಪ್ಯೂಟರ್ ಮುಂದೆ ಕೂರಿಸಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಾಫ್ಟ್‌ವೇರ್ ನಾಲ್ಕು ವರ್ಷದಲ್ಲಿ ಬದಲಾಗುತ್ತದೆ. ಪಂಪಿನ ಬೆಲ್ಟು ಸರಿ ಮಾಡಬೇಕಾದರೆ ಪ್ಲಾಸ್ಟಿಕ್ಕೂ ಗೊತ್ತಿರಬೇಕು, ಮನುಷ್ಯನ ಬೆನ್ನೂ ಗೊತ್ತಿರಬೇಕು, ಆ ಪಂಪು ಹೊರುವವನ ದಿನಗೂಲಿ ಎಷ್ಟು ಅನ್ನುವುದೂ ಗೊತ್ತಿರಬೇಕು. ಒಂದು ವಿಷಯ ಓದಿದವನಿಂದ ಆಗುವ ಕೆಲಸ ಅಲ್ಲ ಅದು. ಹಾಗಾಗಿ ಫೌಂಡೇಶನ್ ಇರಲಿ. ನನ್ನ ತಕರಾರು ಅದನ್ನು ಕಲಿಸುವವರು ಯಾರು ಅನ್ನುವುದರ ಬಗ್ಗೆ.

ಇದರ ಮೂಲ ಜರ್ಮನಿಯ ವೈಮಾರ್ ಊರಿನಲ್ಲಿ 1919ರಲ್ಲಿ ಶುರುವಾದ ಬೌಹೌಸ್ ಶಾಲೆ. ಯೊಹಾನೆಸ್ ಇಟ್ಟೆನ್ ಅನ್ನುವ ಮೇಷ್ಟ್ರು ಅಲ್ಲಿ ಮೊದಲ ಹಂತದ ಕೋರ್ಸು ಕಟ್ಟಿದರು. ಅದನ್ನು ಮುಗಿಸಿದ ಮೇಲೇ ನೇಯ್ಗೆ, ಮರಗೆಲಸ, ಕುಂಬಾರಿಕೆ ಇತ್ಯಾದಿ ಕಾರ್ಯಾಗಾರಕ್ಕೆ ಪ್ರವೇಶ. ವೈಮಾರಿನ ಆ ಮೊದಲ ವರ್ಷಗಳಲ್ಲಿ ಕಾರ್ಯಾಗಾರಕ್ಕೆ ಇಬ್ಬರು ಗುರುಗಳು ಇರಬೇಕು ಅನ್ನುವ ಪದ್ಧತಿ ಇತ್ತು: ಒಬ್ಬ ಕಲಾವಿದ, ಇನ್ನೊಬ್ಬ ಕೈಕೆಲಸದ ಕಸುಬುದಾರ. (ಆಡಳಿತದಲ್ಲಿ ಕಸುಬುದಾರನಿಗೆ ಸಮಪಾಲು ಅಲ್ಲೂ ಸಿಗಲಿಲ್ಲ ಬಿಡಿ. ಆದರೂ ತರಗತಿಯಲ್ಲಿ ಅವನು ಗುರುವೇ ಆಗಿದ್ದ.)

ನಮ್ಮ ದೇಶಕ್ಕೆ ಈ ಓದು ಬಂದ ದಾರಿ ಇನ್ನೂ ಚೆಂದ. ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನುವ ಅಮೆರಿಕದ ದಂಪತಿಯನ್ನು ಭಾರತ ಸರ್ಕಾರ ಕರೆಸಿತು. ಅವರು ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ನೋಡಿದ ವಸ್ತುಗಳಲ್ಲೆಲ್ಲ ಅವರು ಹೆಚ್ಚು ಮೆಚ್ಚಿದ್ದು ನಮ್ಮ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ತಲೆ ಮೇಲೋ ಸೊಂಟದ ಮೇಲೋ ಹೇಗೆ ಹೊರಬೇಕು, ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ಒಳಗೆ ಕೈ ಹಾಕಿ ತೊಳೆಯಲು ಬರುತ್ತದೋ ಇಲ್ಲವೋ ಅಂತ ಅವರು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು. ಯಾರೋ ಒಬ್ಬ ಪಂಡಿತ ಮಾಡಿದ್ದಲ್ಲ, ತಲೆಮಾರುಗಳ ಕೈ ತಿದ್ದಿ ತಿದ್ದಿ ಮಾಡಿದ್ದು ಅಂದರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಶುರುವಾಯಿತು.

ತಂಬಿಗೆಗೆ ಅಷ್ಟು ಗೌರವ ಸಿಕ್ಕಿತು, ತಂಬಿಗೆ ಬಡಿಯುವ ಕೈಗೆ ಮಾತ್ರ ತರಗತಿಯಲ್ಲಿ ಕುರ್ಚಿ ಸಿಗಲಿಲ್ಲ. ಈಗ ನಡೆಯುವುದೇನು? ಬಸ್ಸಿನಲ್ಲಿ ಮಕ್ಕಳು ಬರುತ್ತಾರೆ. ಎರಡು ಮೂರು ದಿನ ಫೋಟೋ, ವಿಡಿಯೋ, ನೋಟ್‌ಬುಕ್ಕಿನಲ್ಲಿ ಚಿತ್ರ. ಮಗ್ಗದ ಮುಂದೆ ಕೂತವರ ಅರ್ಧ ದಿನದ ಕೆಲಸ ಕೆಡುತ್ತದೆ, ಚಹಾ ಖರ್ಚೂ ಅವರದೇ. ಆಮೇಲೆ ಬಸ್ಸು ಹೋಗುತ್ತದೆ. ಮಕ್ಕಳ ತಪ್ಪಲ್ಲ ಇದು, ಬಂದವರಲ್ಲಿ ಒಳ್ಳೆಯ ಮನಸ್ಸಿನವರು ಬೇಕಾದಷ್ಟು ಜನ. ಕಾಲೇಜಿನ ಲೆಕ್ಕದಲ್ಲಿ ನೇಕಾರ ನೋಡುವ ವಸ್ತು ಆಗಿದ್ದಾನೆ, ತಪ್ಪು ಇರುವುದು ಅಲ್ಲಿ.

ಇಳಕಲ್ ಸೀರೆಯನ್ನೇ ತಗೊಳ್ಳಿ. ಮೈಯ ಹಾಸಿನ ನೂಲು ಬೇರೆ, ಸೆರಗಿನ ಹಾಸಿನ ರೇಷ್ಮೆ ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಅನ್ನುತ್ತಾರೆ. ಅದರಲ್ಲಿ ಲೆಕ್ಕ ಇದೆ, ವಸ್ತುವಿನ ಗುಣ ಇದೆ, ಬಣ್ಣ ಇದೆ, ಮಾರುಕಟ್ಟೆ ಇದೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗು ಹಿಡಿದರೆ ಉಜ್ಜಿದ ಬಿಸಿಗೇ ಅದು ಕರಗಿ ಬಣ್ಣ ಕೂರುತ್ತದೆ. ಬೀದರಿನ ಬಿದರಿಯಲ್ಲಿ ಕೋಟೆಯ ಹಳೆಯ ಮಣ್ಣಿನಿಂದ ಸತುವಿನ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಚಿತ್ರಕಲೆ ಮೂರನ್ನೂ ಬೆರೆಸಿ ಕಲಿಸಬೇಕು ಅನ್ನುತ್ತಾರಲ್ಲ, ಇದಕ್ಕಿಂತ ಬೆರೆತದ್ದು ಎಲ್ಲಿದೆ?

ಡಿಗ್ರಿ ಇಲ್ಲದವರನ್ನು ಹೇಗೆ ಮೇಷ್ಟ್ರು ಮಾಡುವುದು ಅನ್ನುವ ನೆಪ ಇನ್ನು ನಡೆಯುವುದಿಲ್ಲ. ಯುಜಿಸಿ 2022ರಲ್ಲೇ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅನ್ನುವ ಹುದ್ದೆಗೆ ಮಾರ್ಗಸೂಚಿ ಹೊರಡಿಸಿದೆ. ಕನಿಷ್ಠ 15 ವರ್ಷದ ಅನುಭವ, ಕೆಲಸದಲ್ಲಿ ಹೆಸರು ಇದ್ದರೆ ಓದಿನ ಪದವಿ ಕಡ್ಡಾಯವಲ್ಲ. ಮಂಜೂರಾದ ಹುದ್ದೆಗಳಿಗೆ ಹೊರತಾಗಿ, ಅವುಗಳ ಶೇ. 10 ಮೀರದಷ್ಟು ಜನರನ್ನು ಹೀಗೆ ತೆಗೆದುಕೊಳ್ಳಬಹುದು. ಕಂಪನಿಯಿಂದ ನಿವೃತ್ತರಾದ ಸಾಹೇಬರಿಗೆ ಮಾತ್ರ ಈ ಬಾಗಿಲು ತೆರೆದರೆ ಸಾಲದು. ಒಂದು ಸೆಮಿಸ್ಟರಿನ ಪಾಠ ಕಸುಬುದಾರರಿಗೆ ಕೊಡಿ, ಸಂಬಳ ಕೊಡಿ, ಅಂಕ ಹಾಕುವ ಅಧಿಕಾರವನ್ನೂ ಕೊಡಿ.

ಇನ್ನು ಒಳಗೆ ಹೋಗುವ ಮಕ್ಕಳ ಮಾತು. ವೈದ್ಯಕೀಯದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಐಐಟಿಗಳ ಬಿ.ಡಿಸೈನ್‌ಗೆ ಇರುವ ಯುಸೀಡ್ ಮಾತ್ರ ಇಂಗ್ಲಿಷಿನಲ್ಲಿ. ನಿಫ್ಟ್ ಇಂಗ್ಲಿಷ್, ಹಿಂದಿಯಲ್ಲಿ. ಹೃದಯದ ರಕ್ತನಾಳ ಕನ್ನಡದಲ್ಲಿ ಕೇಳಬಹುದಂತೆ, ಒಂದು ಚೌಕ ಮಡಿಚಿದರೆ ಯಾವ ಆಕಾರ ಬರುತ್ತದೆ ಅಂತ ಕೇಳಲು ಬರುವುದಿಲ್ಲವಂತೆ! ಮೊದಲ ವರ್ಷ ಎಲ್ಲವನ್ನೂ ಬುಡದಿಂದ ಕಲಿಸುತ್ತೇವೆ ಅನ್ನುವವರು ಬಾಗಿಲಲ್ಲೇ ಭಾಷೆಯ ಜರಡಿ ಹಿಡಿದರೆ ಒಳಗೆ ಉಳಿಯುವುದು ಕೋಚಿಂಗಿಗೆ ದುಡ್ಡು ಸುರಿದವರೇ. ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲೂ ಇರುವುದು ಸ್ನಾತಕೋತ್ತರ ಓದು. ಪಿಯುಸಿ ಮುಗಿಸಿದ ನಮ್ಮ ಹುಡುಗಿ ಎನ್‌ಐಡಿಯ ಮೊದಲ ವರ್ಷಕ್ಕೆ ಸೇರಬೇಕಾದರೆ ರಾಜ್ಯ ದಾಟಬೇಕು. ನಮ್ಮ ಸಂಸದರು ಈ ಎರಡು ಸಂಗತಿಯನ್ನು ದೆಹಲಿಯಲ್ಲಿ ಎತ್ತಲಿ, ಓಟು ಕೇಳಲು ಬಂದಾಗ ನೀವೂ ಕೇಳಿ.

ಅಲ್ಲಿಯವರೆಗೆ ಒಂದು ವಿಷಯ ಗೊತ್ತಿರಲಿ. ಯುಸೀಡ್ ಬರೆಯಲು ಸೈನ್ಸೇ ಓದಿರಬೇಕಿಲ್ಲ, ಆರ್ಟ್ಸ್, ಕಾಮರ್ಸ್ ಮಕ್ಕಳೂ ಬರೆಯಬಹುದು. ಪರೀಕ್ಷೆ ಜನವರಿಯಲ್ಲಿ, ಅರ್ಜಿ ಅದಕ್ಕೂ ಕೆಲವು ತಿಂಗಳು ಮೊದಲೇ ಹಾಕಬೇಕು. ದ್ವಿತೀಯ ಪಿಯುಸಿ ಶುರುವಾದಾಗಲೇ ನಿಮ್ಮೂರಿನ ಕಾಲೇಜಿನ ಲೆಕ್ಚರರ್ ಹತ್ತಿರ ಹೋಗಿ ಕೇಳಿ.