ಪರದೆಯ ಮೇಲಿನ ಮುಖಗಳು, ಬಾಗಿಲ ಹಿಂದಿನ ಮೌನ

ಕೋವಿಡ್‌ನ ಎರಡನೆಯ ಅಲೆ ಅಪ್ಪಳಿಸಿದ 2021ರಲ್ಲಿ, ತಂದೆಯನ್ನು ಕಳೆದುಕೊಂಡ ಕುಟುಂಬವೊಂದಕ್ಕೆ ನಾನು ಮೊದಲ ಬಾರಿಗೆ ಆನ್‌ಲೈನ್‌ನಲ್ಲಿ ಕೌಟುಂಬಿಕ ಚಿಕಿತ್ಸೆ ನೀಡಿದೆ. ತಾಯಿ ಮತ್ತು ಮಗಳು ಊರಿನ ಮನೆಯಲ್ಲಿದ್ದರು. ಅಂತ್ಯಕ್ರಿಯೆಗೂ ಬರಲಾಗದ ಮಗ ಗಲ್ಫ್ ದೇಶವೊಂದರಲ್ಲಿದ್ದ. ನಾನು ಬೆಂಗಳೂರಿನ ನನ್ನ ಮನೆಯ ಊಟದ ಮೇಜಿನ ಮುಂದಿದ್ದೆ. ತಾಯಿ ಬಿಕ್ಕತೊಡಗಿದಾಗ ನನ್ನ ಕೈ ಅಭ್ಯಾಸಬಲದಿಂದ ನೀರಿನ ಲೋಟದತ್ತ ಹೋಯಿತು. ಕೊಡುವುದು ಯಾರಿಗೆ? ‘ಅಮ್ಮನ ಕೈ ಹಿಡಿದುಕೊಳ್ಳಿ’ ಎಂದು ಮಗಳಿಗೆ ಹೇಳಿದೆ. ಸೋಂಕಿನ ಭಯದಿಂದ ಆಕೆ ವಾರಗಟ್ಟಲೆ ತಾಯಿಯನ್ನು ಮುಟ್ಟಿರಲಿಲ್ಲ.

ಆ ಕ್ಷಣ ನನಗೊಂದು ಪಾಠ ಕಲಿಸಿತು. ಚಿಕಿತ್ಸಾಲಯದಲ್ಲಿ ಸಾಂತ್ವನ ಹೇಳುವವರು ನಾವು. ಪರದೆಯಾಚೆಗೆ ನಮ್ಮ ಕೈ ಚಾಚದಿದ್ದಾಗ ಮನೆಯವರೇ ಪರಸ್ಪರ ಸಾಂತ್ವನ ಹೇಳಬೇಕಾಗುತ್ತದೆ. ಕೌಟುಂಬಿಕ ಚಿಕಿತ್ಸೆಯ ಗುರಿಯೂ ಅದೇ ಅಲ್ಲವೇ?

ನಮ್ಮ ದೇಶಕ್ಕೆ ಈ ವಿಚಾರ ಹೊಸದಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲೇ ರೋಗಿಗಳ ಜತೆ ಬಂಧುಗಳನ್ನೂ ಆವರಣದ ಡೇರೆಗಳಲ್ಲಿ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಕೌಟುಂಬಿಕ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ಕೇಂದ್ರವನ್ನು ಬೆಳೆಸಿತು. ಅಂದು ಕುಟುಂಬ ಆಸ್ಪತ್ರೆಗೆ ಬಂದಿತ್ತು. ಇಂದು ಆಸ್ಪತ್ರೆ ಮನೆಯೊಳಕ್ಕೆ ಬಂದಿದೆ. ಮೂರು ಊರುಗಳಲ್ಲಿ ಚದುರಿದವರನ್ನು ಒಂದೇ ಸಂಜೆ ಕೂಡಿಸಬಲ್ಲ ಸೌಲಭ್ಯ ಸಣ್ಣದೇನಲ್ಲ.

ಆದರೆ ಆಘಾತದ ಮೂಲ ಮನೆಯೊಳಗೇ ಇದ್ದರೆ? ಇನ್ನೊಂದು ಪ್ರಕರಣದಲ್ಲಿ ಸೊಸೆಯೊಬ್ಬರು ನನ್ನ ಪ್ರತಿ ಪ್ರಶ್ನೆಗೂ ‘ಹೌದು’, ‘ಇಲ್ಲ’ ಎಂದಷ್ಟೇ ಉತ್ತರಿಸುತ್ತಿದ್ದರು. ನಾನದನ್ನು ಸಂಕೋಚವೆಂದು ಭಾವಿಸಿದೆ. ಪತಿ ಬಾಗಿಲ ಹಿಂದೆ ನಿಂತಿದ್ದರೆಂಬುದು ತಿಳಿದದ್ದು ಮೂರನೆಯ ಭೇಟಿಯ ನಂತರ. ಕ್ಯಾಮೆರಾ ನಮಗೆ ಮುಖಗಳನ್ನು ತೋರಿಸುತ್ತದೆ, ಕೋಣೆಯನ್ನಲ್ಲ. ಇಡೀ ಮನೆಗೆ ಒಂದೇ ಮೊಬೈಲ್ ಇರುವ ಕಡೆ ಗೋಪ್ಯತೆಯ ಭರವಸೆ ಬರಿಯ ಮಾತಾಗುತ್ತದೆ. ಕರೆ ಮುಗಿದ ಮೇಲೆ ಆ ಮನೆಯಲ್ಲಿ ಏನಾಗುತ್ತದೆಂಬುದನ್ನು ಅರಿಯುವ ದಾರಿಯೂ ನಮಗಿಲ್ಲ.

ಅಂದಿನಿಂದ ನಾನು ಕೆಲವು ಕಟ್ಟುಪಾಡುಗಳನ್ನು ಪಾಲಿಸುತ್ತಿದ್ದೇನೆ. ಮೊದಲು ಪ್ರತಿಯೊಬ್ಬರೊಂದಿಗೂ ಪ್ರತ್ಯೇಕ ಮಾತುಕತೆ. ಅಪಾಯದ ಸುಳಿವು ಸಿಕ್ಕರೆ ಸಾಮೂಹಿಕ ಭೇಟಿ ಇಲ್ಲ. ಮಾತು ನಿಲ್ಲಿಸಬೇಕೆನಿಸಿದಾಗ ಬಳಸಲು ಒಂದು ಸಂಕೇತಪದ. ತುರ್ತಿಗೆ ಓಡಿಬರಬಲ್ಲ ಸಮೀಪದ ವ್ಯಕ್ತಿಯೊಬ್ಬರ ದೂರವಾಣಿ ಸಂಖ್ಯೆ.

ಇವು ಒಬ್ಬೊಬ್ಬ ಚಿಕಿತ್ಸಕರ ವಿವೇಚನೆಗೆ ಬಿಡುವಂಥ ವಿಷಯಗಳಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ನೋಂದಾಯಿತ ವೈದ್ಯರನ್ನು ಉದ್ದೇಶಿಸಿದ್ದು. ಕೌಟುಂಬಿಕ ಚಿಕಿತ್ಸೆ ನಡೆಸುವ ಮನಶ್ಶಾಸ್ತ್ರಜ್ಞರು, ಮನೋಸಾಮಾಜಿಕ ಕಾರ್ಯಕರ್ತರು ಅದರ ವ್ಯಾಪ್ತಿಗೆ ಬರುವುದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಸ್ವಾಗತಾರ್ಹ ಹೆಜ್ಜೆ. ಅದರ ರಾಷ್ಟ್ರೀಯ ಕೇಂದ್ರ ನಿಮ್ಹಾನ್ಸ್ ಎಂಬುದು ನಮಗೆ ಹೆಮ್ಮೆಯೂ ಹೌದು. ಆದರೆ ಸಹಾಯವಾಣಿಯೆಂಬ ವ್ಯವಸ್ಥೆ ಸ್ವಭಾವತಃ ಒಬ್ಬ ವ್ಯಕ್ತಿಯ ಕರೆಗಾಗಿ ರೂಪುಗೊಂಡದ್ದು. ಸಾವು, ಪ್ರವಾಹ, ಭೂಕುಸಿತಗಳು ಬಡಿಯುವುದು ಇಡೀ ಮನೆಗೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ 70ರಿಂದ 92ರಷ್ಟಿತ್ತು. ಇಂಥ ದೇಶದಲ್ಲಿ ಆನ್‌ಲೈನ್ ಚಿಕಿತ್ಸೆ ಬೇಡವೆನ್ನುವುದು ಉಳ್ಳವರ ವಾದವಾದೀತು. ಬೇಕಾದುದು ಮೂರು: ವೈದ್ಯರಲ್ಲದ ಚಿಕಿತ್ಸಕರಿಗೂ ಅನ್ವಯಿಸುವ ಸ್ಪಷ್ಟ ನಿಯಮಾವಳಿ, ಹಿಂಸೆಯ ಸುಳಿವನ್ನು ಪರದೆಯಲ್ಲೇ ಗುರುತಿಸುವ ತರಬೇತಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಮತ್ತು ಒಂದು ಕಂಪ್ಯೂಟರ್.

ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು. ಆ ಸೊಸೆಗೆ ಅಂಥದೊಂದು ಕೋಣೆ ಸಿಕ್ಕಿದ್ದರೆ, ಮೊದಲ ಭೇಟಿಯಲ್ಲೇ ಆಕೆ ‘ಹೌದು’, ‘ಇಲ್ಲ’ಗಳನ್ನು ದಾಟಿ ಮಾತನಾಡುತ್ತಿದ್ದರೇನೋ.