ಅರ್ಜಿಯ ಆ ಒಂದು ಪುಟದಲ್ಲಿ ನಮ್ಮ ಮಕ್ಕಳೇ ಇರುವುದಿಲ್ಲ

ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಯವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎ. ಮಹಿಳಾ ಬಚತ್ ಗಟಗಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಗೆ ಅರ್ಜಿ ಹಾಕುವವಳಿದ್ದಳು. ಅರ್ಜಿಯ ಕೊನೆಗೆ ಒಂದು ಪುಟ ಖಾಲಿ. ಈ ಕೆಲಸಕ್ಕೆ ನೀವು ಹೇಗೆ ತಕ್ಕವರು ಎಂದು ಅಲ್ಲಿ ಬರೆಯಬೇಕು. "ಸರ್, ಒಂದ್ಸಲ ನೋಡ್ರಿ" ಎಂದು ಕೈಗೆ ಕೊಟ್ಟಳು.

ನೋಡಿದೆವು. ಮೊಬೈಲಿನಲ್ಲಿ ಎಐಗೆ ಕೇಳಿ ಬರೆಸಿದ ಇಂಗ್ಲಿಷು. ತಪ್ಪು ಹುಡುಕಿದರೂ ಸಿಗಲಿಲ್ಲ, ಹುಡುಗಿಯೂ ಸಿಗಲಿಲ್ಲ! ಕಷ್ಟಪಟ್ಟು ದುಡಿಯುವವಳು, ಪ್ರಾಮಾಣಿಕಳು, ಎಲ್ಲರೊಡನೆ ಹೊಂದಿಕೊಳ್ಳುವವಳು... ಹಿಂದೆ ಇದನ್ನೇ ಝೆರಾಕ್ಸ್ ಅಂಗಡಿಯವರು ಹೆಸರು ಬದಲಿಸಿ ಎಲ್ಲರಿಗೂ ಮುದ್ರಿಸಿ ಕೊಡುತ್ತಿದ್ದರು.

"ಕಾಲೇಜ್ ಮುಗದ ಮ್ಯಾಲೆ ಊರಾಗ ಏನ್ ಮಾಡ್ತಿದ್ದಿ ತಂಗಿ?" ಎಂದು ಕೇಳಿದೆವು.

"ಏನಿಲ್ರಿ ಸರ್. ಅವ್ವಾರ ಬಚತ್ ಗಟದ ಲೆಕ್ಕ ಬರೀತಿದ್ನಿ."

ಕೆದಕಿದಾಗ ಗೊತ್ತಾಯಿತು. ಹನ್ನೆರಡು ಹೆಣ್ಣುಮಕ್ಕಳ ಗುಂಪು, ಮೂರು ವರ್ಷದ ಲೆಕ್ಕ. ಬ್ಯಾಂಕಿನ ಕಾಗದ ಮರಾಠಿಯಲ್ಲಿ, ಹೆಣ್ಣುಮಕ್ಕಳ ಮಾತು ಕನ್ನಡ. ಅದನ್ನು ಓದಿ ಹೇಳುವವಳು ಇವಳೇ. ತಲಾಠಿಯ ಬಳಿ ಸಾತಬಾರಾ ಉತಾರೆ ತರಬೇಕಾದರೂ ಇವಳನ್ನೇ ಕರೆಯುತ್ತಾರೆ. ಒಮ್ಮೆ ಒಬ್ಬರ ಸಾಲದ ಕಂತು ಜಮೆಯಾಗದೆ ಉಳಿದಾಗ ಪಾಸ್‌ಬುಕ್ ಹಿಡಿದು ಹೋಗಿ ಸರಿ ಮಾಡಿಸಿಕೊಂಡು ಬಂದಿದ್ದಾಳೆ. ಸಂಸ್ಥೆಯವರು ಹುಡುಕುತ್ತಿರುವುದು ಇಂಥವಳನ್ನೇ ಅಲ್ಲವೇ? "ಅದೇನ್ ಕೆಲಸಾ ಸರ್, ಪಗಾರ ಇಲ್ಲಲ್ಲ" ಎಂದಳು.

ಇದರಲ್ಲಿ ಅವಳ ತಪ್ಪಿಗಿಂತ ಮಾಸ್ತರರಾದ ನಮ್ಮ ತಪ್ಪೇ ಹೆಚ್ಚು. ಪತ್ರಲೇಖನ ಎಂದರೆ ನಾವು ಕಲಿಸುವುದು ದಿನಾಂಕ ಎಲ್ಲಿ, ವಿಷಯ ಎಲ್ಲಿ, 'ತಮ್ಮ ವಿಧೇಯ' ಎಲ್ಲಿ ಎಂಬುದನ್ನು. ನಡುವೆ ಏನಿರಬೇಕು ಎಂದರೆ ವಿನಂತಿ. ಟಿ.ಸಿ.ಎಚ್. ಮುಗಿಸಿ ನಾವು ಬರೆದ ಮೊದಲ ಅರ್ಜಿಯಲ್ಲಿ ಎರಡು ಎಕರೆ ಒಣಬೇಸಾಯ, ಮದುವೆಗೆ ಬಂದ ತಂಗಿಯರು ಎಲ್ಲ ಇದ್ದರು. ಮಕ್ಕಳಿಗೆ ಪಾಠ ಹೇಳಲು ಬರುತ್ತದೆ ಎಂಬ ಮಾತೊಂದೇ ಇರಲಿಲ್ಲ!

ಸರಕಾರಿ ನೌಕರಿಗೆ ಇದು ನಡೆಯುತ್ತದೆ. ಕರ್ನಾಟಕದ ನೇಮಕಾತಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅಲ್ಲಿ ಅಂಕ ಮತ್ತು ಪ್ರಮಾಣಪತ್ರ ಮಾತಾಡುತ್ತವೆ. ಈ ಖಾಲಿ ಪುಟದಲ್ಲಿ ಮಾತ್ರ ನಾವೇ ಮಾತಾಡಬೇಕು.

ಇನ್ನೊಂದು ಸಂಗತಿ ನಮಗೆ ನೋವು ತಂದಿತು. ಕನ್ನಡ ಮಾಧ್ಯಮ ಎಂಬುದನ್ನು ಅವಳು ಎಲ್ಲಿಯೂ ಬರೆದಿರಲಿಲ್ಲ. 'ಮಹಾರಾಷ್ಟ್ರ ಬೋರ್ಡ್' ಎಂದಷ್ಟೇ ಇತ್ತು. ಮರಾಠಿ ಬರುವುದಿಲ್ಲ ಎಂದುಕೊಂಡಾರು ಎಂಬ ಅಂಜಿಕೆ. ಬಾಲಭಾರತಿಯ ಕನ್ನಡ ಪುಸ್ತಕ ಓದುತ್ತ ಜೊತೆಗೆ ಮರಾಠಿ, ಹಿಂದಿ, ಇಂಗ್ಲಿಷ್ ಕಲಿತವಳು ಅವಳು. ಕನ್ನಡದ ಹಳ್ಳಿಯಲ್ಲಿ ಮರಾಠಿಯ ಕಾಗದ ಓದಿ ತಿಳಿಸಬಲ್ಲವರು ಗಡಿಯಲ್ಲದೆ ಮತ್ತೆಲ್ಲಿ ಸಿಗುತ್ತಾರೆ? ಇದನ್ನು ಮುಚ್ಚಿಡಬಾರದು, ಮೊದಲ ಸಾಲಿನಲ್ಲೇ ಬರೆಯಬೇಕು ಎಂದು ನಾವು ಹಟ ಹಿಡಿದೆವು.

ಜಾಹೀರಾತಿನಲ್ಲಿ ಅವರು ಕೇಳಿದ್ದು ನಾಲ್ಕು ಗುಣ. ಒಂದೊಂದಕ್ಕೆ ತಾನು ನಿಜವಾಗಿ ಮಾಡಿದ ಒಂದೊಂದು ಕೆಲಸ, ಯಾವಾಗ, ಎಷ್ಟು ಜನರಿಗೆ, ಏನಾಯಿತು ಎಂದು ಮೊದಲು ಕನ್ನಡದಲ್ಲಿ ಬರೆಸಿದೆವು. ಮುಂಗೋಪ ಕಡಿಮೆ ಎಂದು ತಾನೇ ಸೇರಿಸಿದ್ದಳು, ಅದನ್ನು ತೆಗೆಸಿದೆವು. ಆಮೇಲೆ ಇಂಗ್ಲಿಷಿಗೆ ಅವಳೇ ತಂದಳು. ಕಾಗುಣಿತ ತಿದ್ದಲು ಮೊಬೈಲು ಇರಲಿ, ತಕರಾರಿಲ್ಲ. ಮೊದಲಿನಷ್ಟು ನುಣುಪಾಗಿರಲಿಲ್ಲ, ಆದರೆ ಓದಿದರೆ ಅವಳೇ ಎದುರು ಕುಳಿತಂತಿತ್ತು. ಕಳಿಸಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.

ನಿನ್ನೆ ಮತ್ತೊಬ್ಬ ಹುಡುಗ ಬಂದ. ಅದೇ ಪುಟ, ಅದೇ ಕಷ್ಟಪಟ್ಟು ದುಡಿಯುವವನು. ಚಹಾ ಕುಡಿಯುತ್ತ ಮಾತಿಗೆಳೆದರೆ, ಎರಡು ವರ್ಷ ಊರ ಡೇರಿಯಲ್ಲಿ ಹಾಲಿನ ಲೆಕ್ಕ ಬರೆದಿದ್ದಾನಂತೆ.